ಪಿಂಗ್ ಬರತೈತಿ, ಎನ್‌ಎಸ್‌ಲುಕಪ್ ಇಲ್ಲ ಅಂತೈತಿ

"ಸರ್ರ, ಪಿಂಗ್ ಹೊಡದ್ರ ಬರತೈತಿ, ಎನ್‌ಎಸ್‌ಲುಕಪ್ ಹೊಡದ್ರ ಹೆಸರ ಸಿಗವಲ್ದು. ಡಿಎನ್‌ಎಸ್ ಕೆಟ್ಟೈತೇನ್ರಿ?" ಅಮರಗೋಳ ಎಪಿಎಂಸಿಯ ಅಂಗಡಿಗಳಲ್ಲಿ, ಗದಗ-ಬೆಟಗೇರಿಯ ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಹುಡುಗರು ಆಗಾಗ ಫೋನ್ ಮಾಡಿ ಕೇಳುವುದು ಇದನ್ನೇ. ಏನೂ ಕೆಟ್ಟಿಲ್ಲ. ಪಿಂಗ್ ಎಂದರೆ ಆ ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಕಮಾಂಡು, ಎನ್‌ಎಸ್‌ಲುಕಪ್ ಎಂದರೆ ಹೆಸರಿನ ಐಪಿ (ಯಂತ್ರದ ಅಂಕಿಯ ವಿಳಾಸ) ಕೇಳುವ ಕಮಾಂಡು, ಡಿಎನ್‌ಎಸ್ ಎಂದರೆ ಹೆಸರಿಗೆ ಐಪಿ ಹುಡುಕಿಕೊಡುವ ವ್ಯವಸ್ಥೆ. ನಾಲ್ಕು ಕಂಪ್ಯೂಟರಿನ ಅಂಗಡಿಯಲ್ಲಿ ಸ್ವಂತ ಡಿಎನ್‌ಎಸ್ ಸರ್ವರ್ ಯಾರೂ ಇಟ್ಟಿರುವುದಿಲ್ಲ. ಹೊರಗಿನ ಸರ್ವರಿಗೆ ನಿಮ್ಮ ಬಿಲ್ಲಿಂಗ್ ಪಿಸಿಯ ಹೆಸರು ಗೊತ್ತಿರುವ ಕಾರಣವೂ ಇಲ್ಲ.

ಎನ್‌ಎಸ್‌ಲುಕಪ್, ಅದರಂಥದೇ ಕಮಾಂಡಾದ ಡಿಗ್ ಎರಡೂ ಡಿಎನ್‌ಎಸ್ ಸರ್ವರನ್ನಷ್ಟೇ ಕೇಳುತ್ತವೆ, ಹೆಸರು-ಐಪಿಗಳನ್ನು ಕೈಯಿಂದ ಬರೆದಿಡುವ ಹೋಸ್ಟ್ಸ್ ಫೈಲಿನ ಕಡೆ ತಿರುಗಿಯೂ ನೋಡುವುದಿಲ್ಲ. ಪಿಂಗ್ ಕೇಳುವುದು ಆಪರೇಟಿಂಗ್ ಸಿಸ್ಟಮ್ಮನ್ನು. ಲಿನಕ್ಸ್‌ನಲ್ಲಿ ಎಲ್ಲಿ ಮೊದಲು ಹುಡುಕಬೇಕು, ಎಲ್ಲಿ ಆಮೇಲೆ ಎಂಬುದು ಎನ್‌ಎಸ್‌ಸ್ವಿಚ್ ಫೈಲಿನ 'ಹೋಸ್ಟ್ಸ್' ಸಾಲಿನಲ್ಲಿರುತ್ತದೆ: ಸಾಮಾನ್ಯವಾಗಿ ಹೋಸ್ಟ್ಸ್ ಫೈಲು, ನಂತರ ಎಂಡಿಎನ್‌ಎಸ್ (ಸರ್ವರ್ ಇಲ್ಲದೆ ಅಕ್ಕಪಕ್ಕದ ಯಂತ್ರಗಳನ್ನೇ ಕೇಳುವ ವಿಧಾನ), ಕೊನೆಗೆ ಡಿಎನ್‌ಎಸ್. ಆ ದಾರಿ ಪೂರ್ತಿ ಪರೀಕ್ಷಿಸಲು 'ಗೆಟ್‌ಎಂಟ್ ಹೋಸ್ಟ್ಸ್' ಬರೆದು ಮುಂದೆ ಹೆಸರು ಕೊಡಿ. ಎಂಡಿಎನ್‌ಎಸ್ ಒಂದನ್ನೇ ನೋಡಬೇಕಿದ್ದರೆ 'ಅವಾಹಿ-ರಿಸಾಲ್ವ್', ಮೈನಸ್ ಎನ್, ಆಮೇಲೆ ಡಾಟ್ ಲೋಕಲ್ ಸೇರಿಸಿದ ಹೆಸರು. ವಿಂಡೋಸ್‌ನಲ್ಲಿ ನಾನು ಐಪಿವಿ4 ವಿಳಾಸವನ್ನಷ್ಟೇ ಬಳಸುವ 'ಪಿಂಗ್ ಮೈನಸ್ 4' ಬಿಟ್ಟು ಬೇರೆ ಹೊಡೆಯುವುದು ಕಡಿಮೆ.

ಎಂಡಿಎನ್‌ಎಸ್ ಕೆಲಸ ಮಾಡುವುದು ಮಾರ್ಕೆಟ್ ಯಾರ್ಡಿನಲ್ಲಿ ಹೆಸರು ಹಿಡಿದು ಕೂಗಿದ ಹಾಗೆ. ಕಂಪ್ಯೂಟರ್ 224.0.0.251 ಎಂಬ ಮಲ್ಟಿಕಾಸ್ಟ್ (ಒಮ್ಮೆಗೆ ಹಲವರಿಗೆ ತಲುಪುವ) ವಿಳಾಸಕ್ಕೆ, ಯುಡಿಪಿ ಪೋರ್ಟ್ 5353ರಲ್ಲಿ ಪ್ರಶ್ನೆ ಕಳಿಸುತ್ತದೆ. ಆ ಹೆಸರಿನ ಯಂತ್ರ 'ನಾನಿದ್ದೇನೆ' ಎಂದು ತನ್ನ ಐಪಿ ಹೇಳುತ್ತದೆ. 2013ರ ಆರ್‌ಎಫ್‌ಸಿ 6762 ಎಂಬ ಇಂಟರ್ನೆಟ್ ದಾಖಲೆಯಲ್ಲಿ ಇದರ ನಿಯಮಗಳಿವೆ. ಆದರೆ ಈ ಕೂಗು ರೌಟರ್ ದಾಟುವುದಿಲ್ಲ, ನಮ್ಮ ಕಡೆ ಎಡವಟ್ಟಾಗುವುದೂ ಅಲ್ಲೇ. ಒಳಗಿನ ಕೋಣೆಗೆ ವೈಫೈ ಸಾಲಲಿಲ್ಲವೆಂದು ಇನ್ನೊಂದು ರೌಟರ್ ತರುತ್ತಾರೆ, ಮೊದಲಿನದರ ಕೇಬಲ್ಲನ್ನು ಅದರ ವ್ಯಾನ್ (ಇಂಟರ್ನೆಟ್ ಬರುವ) ಪೋರ್ಟಿಗೆ ಚುಚ್ಚುತ್ತಾರೆ. ಅಲ್ಲಿಗೆ ಒಂದೇ ಅಂಗಡಿಯಲ್ಲಿ ಎರಡು ನೆಟ್‌ವರ್ಕ್! ಒಳಗಿನವರಿಗೆ ಹೊರಗಿನ ಪ್ರಿಂಟರ್ ಐಪಿಯಿಂದ ಸಿಗುತ್ತದೆ, ಹೆಸರಿನಿಂದ ಸಿಗುವುದಿಲ್ಲ. ಎರಡನೆಯ ರೌಟರಿಗೆ ಮೊದಲಿನದರ ಸಾಲಿನಲ್ಲೇ ಖಾಲಿ ಐಪಿ ಕೊಟ್ಟು, ಅದರ ಡಿಎಚ್‌ಸಿಪಿ (ಐಪಿ ಹಂಚುವ ಕೆಲಸ) ಆಫ್ ಮಾಡಿ, ಕೇಬಲ್ಲನ್ನು ಲ್ಯಾನ್ (ಒಳಗಿನ ಕಂಪ್ಯೂಟರುಗಳ) ಪೋರ್ಟಿಗೆ ಹಾಕಿದರೆ ಸರಿಹೋಗುತ್ತದೆ. ಗೆಸ್ಟ್ ವೈಫೈಗೆ ಸೇರಿದ ಲ್ಯಾಪ್‌ಟಾಪಿನ ಗೋಳೂ ಇದೇ ಜಾತಿಯದು.

ಎರಡು-ಮೂರು ಯಂತ್ರಗಳಷ್ಟೇ ಇದ್ದರೆ ನನ್ನ ಮತ ಹೋಸ್ಟ್ಸ್ ಫೈಲಿಗೆ. ಹಳೇ ಪದ್ಧತಿ ಎಂದು ಮೂಗು ಮುರಿಯಬೇಡಿ. 1983ರಲ್ಲಿ ಡಿಎನ್‌ಎಸ್ ಬರುವ ಮುಂಚೆ ಇಂಟರ್ನೆಟ್ಟಿನ ಪೂರ್ವಜನಾದ ಇಡೀ ಅರ್ಪಾನೆಟ್ ಇಂಥ ಒಂದೇ ಫೈಲಿನ ಮೇಲೆ ನಡೆದಿತ್ತು. ಐಪಿಯನ್ನು ಮಾತ್ರ ರೌಟರಿನಲ್ಲಿ ಆ ಯಂತ್ರದ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡಿನ ಸ್ವಂತ ಸಂಖ್ಯೆ) ಕಾಯ್ದಿರಿಸಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ಮೇಲೆ ಐಪಿ ಬದಲಾಗಿ, ನಿನ್ನೆ ಬರೆದ ಸಾಲು ಇವತ್ತು ಬೇರೆ ಯಂತ್ರವನ್ನು ತೋರಿಸಬಹುದು. ವಿಂಡೋಸ್‌ನಲ್ಲಿ ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿಯೇ ತೆರೆಯಿರಿ. ಸೇವ್ ಆದ ಫೈಲಿನ ಬಾಲಕ್ಕೆ ಡಾಟ್ ಟಿಎಕ್ಸ್‌ಟಿ ಅಂಟಿಕೊಂಡಿದೆಯೇ ನೋಡಿ. ಅಂಟಿದ್ದರೆ ವಿಂಡೋಸ್ ಅದನ್ನು ಓದುವುದೇ ಇಲ್ಲ.