ಸ್ಯಾಂಪಲ್ ಬೇರೆ, ಮಟ್ಟು ಬೇರೆ

ಕಳೆದ ಭಾನುವಾರ ಬಸವನಗುಡಿಯ ವೇದಿಕೆಯೊಂದರಲ್ಲಿ ಹುಡುಗನೊಬ್ಬ ತನ್ನ ಮೊದಲ ರ‍್ಯಾಪ್ ಹಾಡನ್ನು ಹಾಡಿದ. ಹಳೆಯ ಚಿತ್ರಗೀತೆಯೊಂದರ ಪಲ್ಲವಿಯನ್ನು ಮಾತು ಬದಲಿಸಿ, ತನ್ನದೇ ಕಂಠದಲ್ಲಿ ಹಾಡಿ, ನಡುನಡುವೆ ತನ್ನ ಸಾಲುಗಳನ್ನು ಪೋಣಿಸಿದ್ದ. ಚೆನ್ನಾಗಿತ್ತು. ನಿರೂಪಕರು ಮೈಕ್ ಹಿಡಿದು, ‘ಹಳೆಯ ಹಾಡನ್ನು ಎಷ್ಟು ಸೊಗಸಾಗಿ ಸ್ಯಾಂಪಲ್ ಮಾಡಿದ್ದಾರೆ’ ಎಂದರು. ಈ ಮಾತು ನನ್ನ ಕಿವಿಗೆ ಬಿದ್ದದ್ದು ಈ ತಿಂಗಳಲ್ಲಿ ಮೂರನೆಯ ಸಲ. ಆ ಹುಡುಗ ಸ್ಯಾಂಪಲ್ ಮಾಡಿರಲೇ ಇಲ್ಲ.

ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ‘ಸ್ಯಾಂಪಲ್ ತೋರಿಸಿ’ ಎಂದು ಕೇಳಿ ಬೆಳೆದ ನಮಗೆ ಸ್ಯಾಂಪಲ್ ಎಂದರೆ ನಮೂನೆ, ಮಾದರಿ. ಹೀಗೆ ‘ಅದರಂತೆ ಇರುವುದು’ ಎಂಬ ಅರ್ಥ ತಲೆಯಲ್ಲಿ ಕೂತುಬಿಟ್ಟಿದೆ. ಪದದ ಬೇರು ಹೇಳುವುದೇ ಬೇರೆ. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಇದು ಲ್ಯಾಟಿನ್ನಿನ ‘ಎಕ್ಸೆಂಪ್ಲುಮ್’ನ ಮೊಮ್ಮಗು. ಎಕ್ಸೆಂಪ್ಲುಮ್ ಹುಟ್ಟಿದ್ದು ‘ಎಕ್ಸಿಮೆರೆ’ ಎಂಬ ಕ್ರಿಯಾಪದದಿಂದ. ‘ಎಕ್ಸ್’ ಎಂದರೆ ಹೊರಗೆ, ‘ಎಮೆರೆ’ ಎಂದರೆ ತೆಗೆದುಕೊಳ್ಳು. ರಾಶಿಯಿಂದ ಹೊರತೆಗೆದದ್ದೇ ಸ್ಯಾಂಪಲ್. ಇಂಗ್ಲಿಷಿನ ‘ಎಗ್ಸಾಂಪಲ್’ ಇದರ ಒಡಹುಟ್ಟು. ನಮ್ಮ ‘ಉದಾಹರಣೆ’ಯ ಒಳಗೂ ಒಂದು ‘ಹರಣ’ ಅಡಗಿದೆ, ಗಮನಿಸಿ: ಎತ್ತಿ ತಂದದ್ದು.

ಸಂಗೀತದವರು ಈ ಮೂಲಾರ್ಥವನ್ನು ಬಿಟ್ಟುಕೊಟ್ಟಿಲ್ಲ. ಈಗಾಗಲೇ ಇರುವ ಧ್ವನಿಮುದ್ರಣದಿಂದಲೇ ಒಂದು ಚೂರನ್ನು ಕತ್ತರಿಸಿ ಹೊಸ ಹಾಡಿಗೆ ಹೊಲಿದರೆ ಮಾತ್ರ ಅದು ಸ್ಯಾಂಪಲ್. ಕೌದಿಯಲ್ಲಿ ಅಜ್ಜಿಯ ಸೀರೆಯ ತುಂಡೇ ಇರುತ್ತದಲ್ಲ, ಹಾಗೆ. ಆ ಸೀರೆಯ ಅಂಚನ್ನು ನೋಡಿ ಮಗ್ಗದಲ್ಲಿ ಹೊಸದಾಗಿ ನೇಯಿಸಿದರೆ ಅಂಚು ಅದೇ, ನೂಲು ಬೇರೆ. ಹಾಡಿನಲ್ಲಿ ಹೀಗೆ ಹಳೆಯ ಧಾಟಿಯನ್ನು ಹೊಸದಾಗಿ ಹಾಡಿ, ನುಡಿಸಿ ಬಳಸುವುದಕ್ಕೆ ಇಂಟರ್‌ಪೊಲೇಶನ್ ಎನ್ನುತ್ತಾರೆ. ಅಷ್ಟುದ್ದದ ಪದ ನಮಗೇಕೆ? ಕಂಪನಿ ನಾಟಕದ ಕಾಲದಿಂದಲೂ ‘ಇಂಥ ಹಾಡಿನ ಮಟ್ಟು’ ಎಂದು ಹೇಳಿ ಹೊಸ ಹಾಡು ಕಟ್ಟಿದವರು ನಾವು. ಮಟ್ಟು ಎನ್ನೋಣ.

ಎರಡೂ ಒಂದೇ ಹಾಡಿನಲ್ಲಿ ಬೇಕೆಂದರೆ ಅಮೆರಿಕದ ರ‍್ಯಾಪರ್ ಪಫ್ ಡ್ಯಾಡಿಯ ಮೊದಲ ಸಿಂಗಲ್ (ಬಿಡಿಹಾಡು) ‘ಕಾಂಟ್ ನೋಬಡಿ ಹೋಲ್ಡ್ ಮಿ ಡೌನ್’ ಕೇಳಿ. 1997ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಆರು ವಾರ ಮೊದಲ ಸ್ಥಾನದಲ್ಲಿದ್ದ ಹಾಡು. ಅದರ ಅಡಿಪಾಯ 1982ರ ‘ದಿ ಮೆಸೇಜ್’ ಹಾಡಿನ ಸ್ಯಾಂಪಲ್. ಪಲ್ಲವಿ ಮಾತ್ರ ಮ್ಯಾಥ್ಯೂ ವೈಲ್ಡರ್ ಅವರ 1983ರ ‘ಬ್ರೇಕ್ ಮೈ ಸ್ಟ್ರೈಡ್’ ಹಾಡಿನ ಮಟ್ಟು. ಮಾತು ತಿರುಚಿ ಹೊಸದಾಗಿ ನುಡಿದದ್ದು. ಇದನ್ನು ‘ಎರಡು ಹಾಡುಗಳ ಸ್ಯಾಂಪಲ್’ ಎಂದು ಬರೆಯುವವರು ಅರ್ಧ ಮಾತ್ರ ಸರಿ.

ಇನ್ನೂ ಹಟಮಾರಿ ತಪ್ಪು 1979ರ ‘ರ‍್ಯಾಪರ್ಸ್ ಡಿಲೈಟ್’ ಕುರಿತದ್ದು. ಸ್ಯಾಂಪಲ್ ಎಂದೊಡನೆ ಎಲ್ಲರೂ ಅಮೆರಿಕದ ರ‍್ಯಾಪ್ ತಂಡ ಶುಗರ್‌ಹಿಲ್ ಗ್ಯಾಂಗಿನ ಈ ಚೊಚ್ಚಲ ಹಾಡನ್ನೇ ಹೆಸರಿಸುತ್ತಾರೆ. ಅದರಲ್ಲಿ ಕೇಳುವ, ಶೀಕ್ ತಂಡದ ‘ಗುಡ್ ಟೈಮ್ಸ್’ ಹಾಡಿನ ಬೇಸ್ ಗಿಟಾರ್ ನಡೆಯನ್ನು ವಾದ್ಯಗಾರರು ಸ್ಟುಡಿಯೊದಲ್ಲಿ ಕೂತು ಮತ್ತೆ ನುಡಿಸಿದ್ದರು. ಶೀಕ್‌ನ ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಕಾನೂನಿನ ಎಚ್ಚರಿಕೆ ಕೊಟ್ಟ ಮೇಲೆ ಹಾಡು ಬರೆದವರಾಗಿ ಅವರ ಹೆಸರು ಸೇರಿತು. ಅವರು ಕೇಳಿದ್ದು ರಚನೆಯ ಹಕ್ಕು, ಧ್ವನಿಮುದ್ರಣದ್ದಲ್ಲ.

ಆ ಹಕ್ಕು ನಮ್ಮಲ್ಲೂ ಪ್ರತ್ಯೇಕ. 1957ರ ಕೃತಿಸ್ವಾಮ್ಯ ಕಾಯ್ದೆ ಸಾಹಿತ್ಯ, ಸಂಗೀತ ಕೃತಿ ಮತ್ತು ಧ್ವನಿಮುದ್ರಣಗಳನ್ನು ಬೇರೆ ಬೇರೆಯಾಗಿಯೇ ಕಾಣುತ್ತದೆ. ಚಿತ್ರಗೀತೆಗಳಲ್ಲಿ ಇವು ಹಲವೊಮ್ಮೆ ಒಂದೇ ಆಡಿಯೊ ಕಂಪನಿಯ ಕೈಯಲ್ಲಿರುವುದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಬಸವನಗುಡಿಯ ಆ ಹುಡುಗ ಹಾಡನ್ನು ಬಿಡುಗಡೆ ಮಾಡುವುದಾದರೆ ಕೇಳಬೇಕಾದದ್ದು ರಚನೆಯ ಹಕ್ಕುದಾರರ ಅನುಮತಿ. ಧ್ವನಿಮುದ್ರಣವನ್ನು ಅವನು ಮುಟ್ಟಿಯೇ ಇಲ್ಲ. ನಿರೂಪಕರು ನೂರಾರು ಜನರ ಮುಂದೆ ಹೇಳಿದ್ದು ಮುಟ್ಟಿದ್ದಾನೆ ಎಂದು.