ಸಿಮೆಂಟ್ ಮೆತ್ತುವ ಮೊದಲು

ಉಪ್ಪಳದಲ್ಲಿ ಕಡಲಿಗೆ ಹತ್ತಿರವೇ ನಮ್ಮ ದೊಡ್ಡಮ್ಮನ ಮನೆ. ಕಳೆದ ಮಳೆಗಾಲ ಸನ್‌ಶೇಡಿನ ಅಡಿಯಿಂದ ಅಂಗೈಯಗಲದ ಚಕ್ಕೆ ಬಿತ್ತು. ಒಳಗಿನ ಕಂಬಿ ಕೆಂಪಗೆ, ಪದರ ಪದರವಾಗಿ ಎದ್ದಿತ್ತು. "ಸ್ವಲ್ಪ ಸಿಮೆಂಟ್ ಮೆತ್ತಿಸಿದರೆ ಆಯ್ತಲ್ವಾ ಮಗಾ" ಅಂದರು. ಬೇಡ ದೊಡ್ಡಮ್ಮ, ಮೊದಲು ಪರೀಕ್ಷೆ ಮಾಡಿಸೋಣ ಎಂದೆ.

ಹೊಸ ಕಾಂಕ್ರೀಟಿನಲ್ಲಿ ಕ್ಷಾರ ಜಾಸ್ತಿ. ಅದರ ಪಿಎಚ್ 12ಕ್ಕಿಂತ ಮೇಲಿರುತ್ತದೆ. ಆ ಕ್ಷಾರದಲ್ಲಿ ಕಂಬಿಯ ಮೈಗೆ ತೆಳ್ಳಗಿನ ಪೊರೆ ಕಟ್ಟಿ ತುಕ್ಕನ್ನು ತಡೆಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿದು ಈ ಕ್ಷಾರವನ್ನು ತಗ್ಗಿಸುತ್ತದೆ. ಉಪ್ಪು ಇನ್ನೂ ಕೆಟ್ಟದ್ದು. ಕಡಲ ಗಾಳಿಯದಾಗಲಿ, ತೊಳೆಯದೆ ಕಲಸಿದ ಅಳಿವೆಯ ಹೊಯ್ಗೆಯದಾಗಲಿ, ಕ್ಷಾರವಿದ್ದರೂ ಅದು ಪೊರೆಯನ್ನು ಒಡೆಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಜಾಗ ಬೇಕು. ಹಾಗಾಗಿ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ, ಕಂಬಿಯ ಉದ್ದಕ್ಕೂ ಬಿರುಕು ಕಾಣುತ್ತದೆ.

ಎಂಜಿನಿಯರ್ ಮೊದಲು ಸುತ್ತಿಗೆಯಿಂದ ಮೆಲ್ಲನೆ ಬಡಿದು ಕೇಳುತ್ತಾರೆ. ಟೊಳ್ಳು ಸದ್ದು ಬಂದಲ್ಲಿ ಪದರ ಬಿಟ್ಟಿದೆ ಎಂದರ್ಥ. ಆಮೇಲೆ ಹೊಸದಾಗಿ ಒಡೆದ ಮೈಗೆ ಕ್ಷಾರ ಪತ್ತೆಹಚ್ಚುವ ಫಿನಾಲ್ಫ್ತಲೀನ್ ಎಂಬ ದ್ರಾವಣ ಹಚ್ಚುತ್ತಾರೆ. ಕ್ಷಾರ ಉಳಿದಿದ್ದರೆ ಗುಲಾಬಿ ಬಣ್ಣ ಬರುತ್ತದೆ. ಆದರೆ ನಮ್ಮ ಕರಾವಳಿಯಲ್ಲಿ ಗುಲಾಬಿ ಕಂಡಿತೆಂದು ಸುಮ್ನೆ ಕೂರುವಂತಿಲ್ಲ. ಡ್ರಿಲ್ ಮಾಡಿ ತೆಗೆದ ಪುಡಿಯಲ್ಲಿ ಉಪ್ಪೆಷ್ಟಿದೆ ಎಂದು ಪ್ರಯೋಗಾಲಯದಲ್ಲಿ ನೋಡಿಸಲೇಬೇಕು.

ರಿಬೌಂಡ್ ಹ್ಯಾಮರ್ ಎಂಬ ಸಾಧನವೂ ಇದೆ. ಅದು ಬಡಿದು ಎಷ್ಟು ಪುಟಿಯಿತು ಎಂಬುದರಿಂದ ಮೇಲ್ಮೈಯ ಗಡಸುತನ ತಿಳಿಯುತ್ತದೆ. ಎಷ್ಟೋ ಕಡೆ ಇದೊಂದರ ಅಂಕಿ ನೋಡಿಯೇ ಕಟ್ಟಡ ಗಟ್ಟಿ ಅಂದುಬಿಡುತ್ತಾರೆ. ನನಗೆ ಅದು ಭಯ ಹುಟ್ಟಿಸುತ್ತದೆ. ಕ್ಷಾರ ಕಳೆದುಕೊಂಡ ಹಳೆಯ ಕಾಂಕ್ರೀಟಿನ ಮೇಲ್ಪದರ ಇನ್ನಷ್ಟು ಗಡಸಾಗುತ್ತದೆ. ಅಂದರೆ ಕಂಬಿಗೆ ಅಪಾಯ ಹತ್ತಿರವಾದಷ್ಟೂ ಅಂಕಿ ಚೆನ್ನಾಗಿ ಕಾಣಬಹುದು! ಅದಕ್ಕೇ ಅಲ್ಟ್ರಾಸೌಂಡ್ ಹಾಯಿಸಿ ಒಳಗನ್ನೂ ನೋಡುತ್ತಾರೆ. ಆ ಅಲೆ ವೇಗವಾಗಿ ಹಾದುಹೋದರೆ ಒಳ್ಳೆಯದು, ನಿಧಾನವಾದರೆ ಅನುಮಾನ. ಅನುಮಾನ ಬಂದಲ್ಲಿ ಕಾಂಕ್ರೀಟಿನ ಉರುಳೆಯಾಕಾರದ ತುಂಡನ್ನು (ಕೋರ್) ಕೊರೆದು ತೆಗೆದು, ಎಷ್ಟು ಭಾರ ತಾಳುತ್ತದೆ ಎಂದು ಯಂತ್ರದಲ್ಲಿ ಒತ್ತಿ ನೋಡುತ್ತಾರೆ.

ದೊಡ್ಡಮ್ಮನ ಮನೆಯ ಬೀಮುಗಳು ಗಟ್ಟಿಯಾಗಿದ್ದವು. ಸನ್‌ಶೇಡಿನ ಕಥೆ ಬೇರೆ. ಗೋಡೆಯಿಂದ ಹೊರಚಾಚಿದ ಅದಕ್ಕೆ ಮುಖ್ಯ ಕಂಬಿ ಮೇಲ್ಭಾಗದಲ್ಲಿರಬೇಕು. ಕಟ್ಟುವಾಗ ಯಾರೋ ತುಳಿದು ಅದು ಅಡಿಗಿಳಿದಿತ್ತು. ಕಡಲಿನ ಗಾಳಿಗೆ ಒಡ್ಡಿದಲ್ಲಿ ಕಂಬಿಯ ಹೊರಗೆ 45 ಮಿ.ಮೀ. ಕಾಂಕ್ರೀಟು ಇರಬೇಕೆನ್ನುತ್ತದೆ ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನಕ ಐಎಸ್ 456. ಇಲ್ಲಿ ಬೆರಳಗಲವೂ ಇರಲಿಲ್ಲ. ಅದನ್ನು ಪೂರ್ತಿ ಕತ್ತರಿಸಿ ತೆಗೆಸಿದೆವು. ಈಗ ಕಿಟಕಿಯ ಮೇಲೆ ಶೀಟ್ ಹಾಕಿಸಿದ್ದೇವೆ.