‘ಓಷನ್ ಪೆನ್ನಿ ಪೋಸ್ಟೇಜ್’: ಒಂದು ಪೆನ್ನಿಗೆ ಕಾಗದ ಕಡಲು ದಾಟುತ್ತಿತ್ತೇ?

ಓದುಗರ ಪ್ರಶ್ನೆ: 1850ರ ಆಸುಪಾಸಿನ ಬ್ರಿಟಿಷ್ ಲಕೋಟೆಯೊಂದರಲ್ಲಿ ಹಡಗಿನ ಚಿತ್ರವಿದೆ, ‘ಓಷನ್ ಪೆನ್ನಿ ಪೋಸ್ಟೇಜ್’ ಎಂದು ಅಚ್ಚಾಗಿದೆ. ಆಗ ಸಮುದ್ರದಾಚೆಗೂ ಒಂದೇ ಪೆನ್ನಿ ಸಾಕಾಗುತ್ತಿತ್ತೇ?

ಇಲ್ಲ. ಅದು ಒಂದು ಚಳವಳಿಯ ಬೇಡಿಕೆ. ಆ ಚಿತ್ರಕ್ಕೆ ಅಂಚೆ ಕಚೇರಿಯಲ್ಲಿ ಬಿಡಿಗಾಸಿನ ಬೆಲೆಯೂ ಇರಲಿಲ್ಲ, ಅಂಚೆ ದರವನ್ನು ಬೇರೆಯಾಗಿ ತೆರಲೇಬೇಕಿತ್ತು.

ರೋಲೆಂಡ್ ಹಿಲ್ ಪಟ್ಟುಹಿಡಿದು ತಂದ ಸುಧಾರಣೆಯಿಂದ, 1840ರ ಜನವರಿ 10ರಂದು ಬ್ರಿಟನ್ನಿನೊಳಗೆ ಅರ್ಧ ಔನ್ಸ್ ತೂಕದ ಕಾಗದ ಎಷ್ಟೇ ದೂರ ಹೋದರೂ ಒಂದೇ ಪೆನ್ನಿ ಎಂದಾಯಿತು. ಆದರೆ ಆ ಭಾಗ್ಯ ಬಂದರಿನವರೆಗೆ ಮಾತ್ರ. ಹೊಟ್ಟೆಪಾಡಿಗೆ ಅಮೆರಿಕಕ್ಕೆ ಹೋದ ಮಗನಿಗೆ ತಾಯಿ ನಾಲ್ಕು ಸಾಲು ಬರೆಸಿ ಹಾಕಲು ಒಂದು ಷಿಲಿಂಗ್, ಅಂದರೆ ಹನ್ನೆರಡು ಪೆನ್ನಿ ತೆರಬೇಕಿತ್ತು. ಐರ್ಲೆಂಡಿನ ಕೂಲಿಯವನಿಗೆ ದಿನವಿಡೀ ದುಡಿದರೂ ಅಷ್ಟು ಹುಟ್ಟುತ್ತಿರಲಿಲ್ಲ.

ಈ ಅನ್ಯಾಯದ ವಿರುದ್ಧ ನಿಂತವನು ಅಮೆರಿಕದ ಕನೆಕ್ಟಿಕಟ್‌ನ ಎಲಿಹು ಬರಿಟ್. ಕಸುಬಿನಲ್ಲಿ ಕಮ್ಮಾರ. ಕುಲುಮೆಯ ಕೆಲಸದ ನಡುವೆಯೇ ಹಲವಾರು ಭಾಷೆ ಕಲಿತವನು, ಯುದ್ಧವನ್ನು ಮನಸಾರೆ ವಿರೋಧಿಸಿದವನು. ಜನ ಪರಸ್ಪರ ಕಾಗದ ಬರೆದುಕೊಂಡರೆ ದೇಶಗಳ ನಡುವಿನ ಹಗೆ ಕರಗುತ್ತದೆ ಎಂದು ನಂಬಿದ್ದ. ಅವನು ಕೇಳಿದ್ದೂ ಅತಿಯಾಸೆಯದಲ್ಲ: ಕಡಲ ಹಾದಿಗೆ ಒಂದು ಪೆನ್ನಿ, ಎರಡೂ ದಡಗಳ ಒಳನಾಡಿಗೆ ಒಂದೊಂದು. ಒಟ್ಟು ಮೂರು.

ಭಾಷಣ, ಮನವಿಪತ್ರಗಳ ಜತೆಗೆ ಈ ಲಕೋಟೆಗಳೂ ಹೊರಟವು. ಲಂಡನ್ನಿನ ಚಾರ್ಲ್ಸ್ ಗಿಲ್ಪಿನ್ ಪ್ರಕಟಿಸಿದ. ಸ್ಕಾಟ್ಲೆಂಡಿನ ಡಂಡಿಯ ಜೇಮ್ಸ್ ವ್ಯಾಲೆಂಟೈನ್ ಅಚ್ಚಿಗೆ ಚಿತ್ರ ಕೆತ್ತಿದ. (ಮುಂದೆ ಚಿತ್ರದ ಪೋಸ್ಟ್‌ಕಾರ್ಡುಗಳಿಗೆ ಹೆಸರಾದ ವ್ಯಾಲೆಂಟೈನ್ ಮನೆತನ ಇದೇ.) ಲೋಕದ ಮಕ್ಕಳನ್ನೆಲ್ಲ ಒಂದಾಗಿಸುವ ಕಡಲಂಚೆಯನ್ನು ಬ್ರಿಟನ್ ಕೊಡಲಿ ಎಂದು ಲೋಕ ಕಾದಿದೆ, ಎಂಬ ಅರ್ಥದ ಬರಹ ಒಂದರ ಮೇಲಿದೆ. ಅಂಚೆಯವನೇ ಅಂಚೆ ಇಲಾಖೆಯ ಮೇಲಿನ ಅಹವಾಲನ್ನು ಮನೆಮನೆಗೆ ಮುಟ್ಟಿಸಿದ!

ಒಳನಾಡಿನಲ್ಲೇ ಓಡಾಡಿದ ಲಕೋಟೆಗೆ ಒಂದು ಪೆನ್ನಿ ಬೆಲೆಯ ಕೆಂಪು ಅಂಚೆಚೀಟಿ ‘ಪೆನ್ನಿ ರೆಡ್’ ಸಾಕಿತ್ತು. ಅಮೆರಿಕಕ್ಕೆ ಹೋದದ್ದಾದರೆ 1847ರಲ್ಲಿ ಬಂದ, ಎಂಟು ಮೂಲೆಯ, ಉಬ್ಬಚ್ಚಿನ ಹಸಿರು ಷಿಲಿಂಗ್ ಚೀಟಿ ಇರಬಹುದು. ನನಗೆ ಇಡೀ ಕತೆ ಕಾಣುವುದು ಅಲ್ಲೇ: ಒಂದು ಪೆನ್ನಿ ಬೇಡುವ ಹಡಗು, ಪಕ್ಕದಲ್ಲೇ ಹನ್ನೆರಡು ಪೆನ್ನಿ ತೆತ್ತ ಗುರುತು. ನಿಮ್ಮ ಕೈಗೆ ಅಂಥದ್ದು ಸಿಕ್ಕರೆ ದಯವಿಟ್ಟು ಚೀಟಿಯನ್ನು ಕತ್ತರಿಸಿ ತೆಗೆಯಬೇಡಿ.

ಬರಿಟ್ 1879ರಲ್ಲಿ ತೀರಿಕೊಂಡ. ಭಾರತವೂ ಸೇರಿದಂತೆ ಸಾಮ್ರಾಜ್ಯದ ಹಲವು ಭಾಗಗಳಿಗೆ ಪೆನ್ನಿ ದರ ಬಂದದ್ದು 1898ರ ಕ್ರಿಸ್‌ಮಸ್ ದಿನ. ಅವನ ಸ್ವಂತ ನಾಡಾದ ಅಮೆರಿಕಕ್ಕೆ, 1908ರ ಅಕ್ಟೋಬರ್ 1ರಂದು. ಅದೂ ಮೂರಲ್ಲ, ಎಲ್ಲ ಸೇರಿ ಒಂದೇ ಪೆನ್ನಿ.